ಬಿಸಿಲಿಗೆ ಉರಿ, ಲಿವರ್‌ಗೆ ಕುತ್ತು: ಬರೆಸಬೇಕಾದ ರಕ್ತಪರೀಕ್ಷೆ ಯಾವುದು?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ‘ಬಿಸಿಲಿನ ಅಲರ್ಜಿ’ಯ ಬಗ್ಗೆ ಬರಹ ತಪ್ಪುವುದಿಲ್ಲ. ಕೊನೆಯ ಸಾಲೂ ಹೆಚ್ಚುಕಡಿಮೆ ಒಂದೇ: ಹೊರಗೆ ಹೊರಡುವ ಮುನ್ನ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ. ಈ ಮಾತು ಉಪಯೋಗಕ್ಕೆ ಬಾರದ ಒಂದು ಕಾಯಿಲೆ ಇದೆ. ಅದರ ಪೂರ್ತಿ ಹೆಸರು ಎರಿಥ್ರೋಪೊಯೆಟಿಕ್ ಪ್ರೋಟೋಪಾರ್ಫೈರಿಯಾ, ಚಿಕ್ಕದಾಗಿ ಇಪಿಪಿ. 75 ಸಾವಿರದಿಂದ 2 ಲಕ್ಷ ಜನರಲ್ಲಿ ಒಬ್ಬರಿಗೆ ಇರಬಹುದೆಂಬ ಅಂದಾಜಿದೆ. ಅಪರೂಪದ ಕಾಯಿಲೆ, ಒಪ್ಪೋಣ. ಆದರೆ ಇದನ್ನು ಅನುಮಾನಿಸಿದ ಮೇಲೂ ಎಷ್ಟೋ ಸಲ ರೋಗ ಕೈತಪ್ಪಿ ಹೋಗುವುದು ತಪ್ಪು ಪರೀಕ್ಷೆ ಬರೆದುಕೊಡುವುದರಿಂದ. ಈ ಪತ್ರ ಮುಖ್ಯವಾಗಿ ಅದರ ಬಗ್ಗೆ.

ಸಾಮಾನ್ಯವಾಗಿ ಇದು ಎಳವೆಯಲ್ಲೇ ಕಾಣಿಸಿಕೊಳ್ಳುತ್ತದೆ. ಬಿಸಿಲಿಗೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಮಗುವಿನ ಅಂಗೈ ಹಿಂಭಾಗ, ಮೂಗು, ಕೆನ್ನೆ ಚುಳುಚುಳು ಎನ್ನತೊಡಗುತ್ತವೆ. ಮಗು ಕೈ ಉಜ್ಜಿಕೊಳ್ಳುತ್ತದೆ, ಕೊಡವುತ್ತದೆ, ನೆರಳಿಗೆ ಓಡುತ್ತದೆ. ಆಗಲೂ ಒಳಗೆ ಕರೆದುಕೊಳ್ಳದಿದ್ದರೆ ಉರಿ ಶುರುವಾಗಿ ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಡುತ್ತದೆ. ತಣ್ಣೀರಲ್ಲಿ ಕೈ ಅದ್ದಿಕೊಂಡು ರಾತ್ರಿಯಿಡೀ ಕೂರುವ ಮಕ್ಕಳಿದ್ದಾರೆ. ನೋಡಿದವರಿಗೆ ಮಾತ್ರ ಏನೂ ಕಾಣಿಸುವುದಿಲ್ಲ. ಹೆಚ್ಚೆಂದರೆ ತುಸು ಕೆಂಪು, ತುಸು ಊತ. ಬೊಬ್ಬೆ ಏಳುವುದು ಬಹಳ ಕಡಿಮೆ. ಅದಕ್ಕೇ ‘ಹಟ’, ‘ನಾಟಕ’ ಎಂಬ ಪಟ್ಟ. ವರ್ಷಗಳು ಕಳೆದಂತೆ ಬೆರಳ ಗೆಣ್ಣುಗಳ ಮೇಲಿನ ಚರ್ಮ ದಪ್ಪವಾಗುತ್ತದೆ, ತುಟಿಯ ಸುತ್ತ ಸಣ್ಣ ಗೆರೆಗಳು ಮೂಡುತ್ತವೆ. ಅನುಭವಿ ಚರ್ಮವೈದ್ಯರು ಗೆಣ್ಣು ನೋಡಿಯೇ ಅನುಮಾನ ಪಡುವುದುಂಟು.

ಬಾಧೆ ಚರ್ಮದಲ್ಲಿ ಕಂಡರೂ ಮೂಲ ಅಸ್ಥಿಮಜ್ಜೆಯಲ್ಲಿದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಾಗುವುದು ಎಂಟು ಹಂತಗಳಲ್ಲಿ. ಕೊನೆಯ ಹಂತದಲ್ಲಿ ಫೆರೋಕೆಲಟೇಸ್ ಎಂಬ ಕಿಣ್ವ, ಹೀಮ್‌ನ ಹಿಂದಿನ ರೂಪವಾದ ಪ್ರೋಟೋಪಾರ್ಫಿರಿನ್‌ನ ನಡುವೆ ಕಬ್ಬಿಣದ ಒಂದು ಕಣವನ್ನು ಕೂರಿಸಬೇಕು. ಈ ಕಿಣ್ವ ಸಾಲದಾದಾಗ ಕಬ್ಬಿಣ ಸೇರದ ಪ್ರೋಟೋಪಾರ್ಫಿರಿನ್ ಕೆಂಪು ರಕ್ತಕಣಗಳಲ್ಲಿ ಉಳಿದುಹೋಗುತ್ತದೆ. ಚರ್ಮದ ಸಣ್ಣ ರಕ್ತನಾಳಗಳಲ್ಲಿ ಅದರ ಮೇಲೆ ಬೆಳಕು ಬಿದ್ದಾಗ ಪ್ರಬಲ ಆಮ್ಲಜನಕ ರೂಪಗಳು ಹುಟ್ಟಿ ನಾಳದ ಗೋಡೆಯನ್ನೇ ಸುಡುತ್ತವೆ.

ಯಾವ ಬೆಳಕು ಎಂಬುದು ಇಲ್ಲಿ ಮುಖ್ಯ. ಪ್ರೋಟೋಪಾರ್ಫಿರಿನ್ ಅತಿ ಹೆಚ್ಚು ಹೀರುವುದು 400ರಿಂದ 410 ನ್ಯಾನೋಮೀಟರ್‌ನ ನೇರಳೆ ಬೆಳಕನ್ನು. ಅದು ಕಣ್ಣಿಗೆ ಕಾಣುವ ಬೆಳಕು, ಅತಿನೇರಳೆ ಅಲ್ಲ. ಸಾಮಾನ್ಯ ಸನ್‌ಸ್ಕ್ರೀನ್‌ಗಳು ತಡೆಯುವುದು ಅತಿನೇರಳೆಯನ್ನು. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ 50 ಇದ್ದರೂ ಅದು ಈ ರೋಗಕ್ಕೆ ಸಂಬಂಧಿಸಿದ್ದಲ್ಲ. ಕಿಟಕಿಯ ಗಾಜು, ಕಾರಿನ ಗಾಜು ಕೂಡ ಈ ಬೆಳಕನ್ನು ಸಲೀಸಾಗಿ ಒಳಗೆ ಬಿಡುತ್ತವೆ. ಒತ್ತು ನೇಯ್ಗೆಯ ಉದ್ದ ತೋಳಿನ ಬಟ್ಟೆ, ಕೈಗವಸು, ಅಗಲ ಅಂಚಿನ ಟೋಪಿ, ಗಾಜಿಗೆ ನೇರಳೆ-ನೀಲಿ ತಡೆಯುವ ಹಳದಿ ಫಿಲ್ಮ್ ಇವು ನಿಜವಾದ ರಕ್ಷಣೆ. ಹಚ್ಚಲೇಬೇಕೆಂದರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಜೊತೆ ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ದಪ್ಪ ಲೇಪ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತದೆ. ಹಚ್ಚಿದ್ದು ಕಣ್ಣಿಗೇ ಕಾಣದ ತೆಳು ಕ್ರೀಮುಗಳಿಂದ ಪ್ರಯೋಜನವಿಲ್ಲ.

ಚುಳುಚುಳು ಎಂಬುದೇ ಎಚ್ಚರಿಕೆಯ ಗಂಟೆ. ಆ ಕ್ಷಣ ನೆರಳಿಗೆ ಬಂದರೆ ದೊಡ್ಡ ಉರಿ ತಪ್ಪಬಹುದು. ಆದರೆ ಮರುದಿನ ಚರ್ಮ ಇನ್ನೂ ಸೂಕ್ಷ್ಮವಾಗಿರುತ್ತದೆ, ನಿನ್ನೆ ತಡೆದುಕೊಂಡಷ್ಟು ಹೊತ್ತು ಇಂದು ತಡೆಯಲಾಗದು. ‘ನಿನ್ನೆ ಅರ್ಧ ಗಂಟೆ ಆಡಿದ್ದೆಯಲ್ಲ’ ಎಂದು ಗದರುವ ಶಿಕ್ಷಕರಿಗೆ ಇದು ಗೊತ್ತಿರಬೇಕು. ಉರಿ ಏರಿದ ಮೇಲೆ ನೋವಿನ ಮಾತ್ರೆ, ಅಲರ್ಜಿ ಮಾತ್ರೆ ಯಾವುದಕ್ಕೂ ಅದು ಬಗ್ಗುವುದಿಲ್ಲ. ತಂಪು ಮತ್ತು ಕತ್ತಲೆಯೇ ಗತಿ.

ಈಗ ಪರೀಕ್ಷೆಯ ವಿಷಯ. ಪಾರ್ಫೈರಿಯಾ (ಹೀಮ್ ತಯಾರಿ ಕೆಡುವ ಕಾಯಿಲೆಗಳ ಗುಂಪು; ಇಪಿಪಿ ಅದರಲ್ಲೊಂದು) ಎಂದಕೂಡಲೇ ಮೂತ್ರಪರೀಕ್ಷೆ ಬರೆಯುವುದು ರೂಢಿ. ಇಪಿಪಿಯಲ್ಲಿ ಅದು ನಾರ್ಮಲ್ ಬರುತ್ತದೆ, ಏಕೆಂದರೆ ಪ್ರೋಟೋಪಾರ್ಫಿರಿನ್ ನೀರಿನಲ್ಲಿ ಕರಗುವುದಿಲ್ಲ, ಮೂತ್ರದಲ್ಲಿ ಹೋಗುವುದೂ ಇಲ್ಲ. ಕೇಳಬೇಕಾದದ್ದು ಕೆಂಪು ರಕ್ತಕಣಗಳ ಒಟ್ಟು ಪ್ರೋಟೋಪಾರ್ಫಿರಿನ್. ಅದರ ಜೊತೆಗೆ ಲೋಹರಹಿತ ಭಾಗ ಎಷ್ಟು, ಜಿಂಕ್ ಸೇರಿದ ಭಾಗ ಎಷ್ಟು ಎಂಬ ವಿಂಗಡಣೆ. ಒಟ್ಟು ಮಟ್ಟ ಬಹಳ ಏರಿದ್ದು, ಅದರಲ್ಲಿ ಶೇ 85ಕ್ಕಿಂತ ಹೆಚ್ಚು ಲೋಹರಹಿತವಾಗಿದ್ದರೆ ಇಪಿಪಿ. ಕಬ್ಬಿಣದ ಕೊರತೆಯಲ್ಲೂ ಸೀಸದ ವಿಷದಲ್ಲೂ ಒಟ್ಟು ಏರುತ್ತದೆ, ಆದರೆ ಏರುವುದು ಜಿಂಕ್ ಸೇರಿದ ಭಾಗ.

ಇಲ್ಲೊಂದು ಹಳೆಯ ಗುಂಡಿಯಿದೆ. ಸೀಸದ ತಪಾಸಣೆಗೆಂದು ಇಟ್ಟುಕೊಂಡಿರುವ ಉಪಕರಣಗಳು ಜಿಂಕ್ ಪ್ರೋಟೋಪಾರ್ಫಿರಿನ್ ಮಾತ್ರ ಅಳೆಯುತ್ತವೆ. ಕೆಲವು ಲ್ಯಾಬ್‌ಗಳು ಅದೇ ಅಂಕಿಗೆ ‘ಫ್ರೀ ಪ್ರೋಟೋಪಾರ್ಫಿರಿನ್’ ಎಂಬ ಹೆಸರು ಕೊಟ್ಟು ವರದಿ ಕಳಿಸುತ್ತವೆ. ಹೆಸರಲ್ಲಿ ‘ಫ್ರೀ’ ಇದೆ, ಅಳತೆಯಲ್ಲಿ ಇಲ್ಲ. ವರದಿ ನಾರ್ಮಲ್ ಎಂದು ಕಡತ ಮುಚ್ಚಿಬಿಟ್ಟರೆ ಆ ಮಗು ಮತ್ತೆ ಹತ್ತು ವರ್ಷ ಅಲೆಯುತ್ತದೆ. ಮಾದರಿ ಕಳಿಸುವ ಮೊದಲೇ ಲ್ಯಾಬ್‌ಗೆ ಫೋನ್ ಮಾಡಿ ವಿಂಗಡಣೆ ಮಾಡುತ್ತೀರಾ ಎಂದು ಕೇಳುವುದು ಒಳ್ಳೆಯದು. ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ತೆಗೆದು ತಕ್ಷಣ ಅಲ್ಯೂಮಿನಿಯಂ ಫಾಯಿಲ್ ಸುತ್ತಬೇಕು. ಬೆಳಕಿಗೆ ಬಿಟ್ಟರೆ ಪ್ರೋಟೋಪಾರ್ಫಿರಿನ್ ಅಲ್ಲೇ ಒಡೆದುಹೋಗುತ್ತದೆ.

ತಂದೆ ತಾಯಿ ಆರೋಗ್ಯವಾಗಿದ್ದಾರೆ, ಹಾಗಾಗಿ ಇದು ವಂಶವಾಹಿ ರೋಗವಲ್ಲ ಎನ್ನುವುದೂ ಸರಿಯಲ್ಲ. ಹೆಚ್ಚಿನವರಲ್ಲಿ ಒಬ್ಬ ಪೋಷಕರಿಂದ ಕೆಟ್ಟ ಎಫ್‌ಇಸಿಎಚ್ ಜೀನ್ (ಫೆರೋಕೆಲಟೇಸ್ ತಯಾರಿಸುವ ಜೀನ್), ಇನ್ನೊಬ್ಬರಿಂದ ತುಸು ದುರ್ಬಲವಾದ, ಆದರೆ ಜನರಲ್ಲಿ ಸಾಮಾನ್ಯವಾಗಿಯೇ ಇರುವ ರೂಪ ಬಂದಿರುತ್ತದೆ. ಎರಡೂ ಕೂಡಿದಾಗಷ್ಟೇ ಕಾಯಿಲೆ. ಹಾಗಾಗಿ ಪ್ರತಿ ಒಡಹುಟ್ಟಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಎಎಲ್‌ಎಎಸ್2 ಎಂಬ ಬೇರೆ ಜೀನ್‌ನಿಂದ ಬರುವ, ಎಕ್ಸ್ ಕ್ರೋಮೋಸೋಮ್‌ಗೆ ಅಂಟಿದ ಒಂದು ಬಗೆಯೂ ಇದೆ. ಅದರಲ್ಲಿ ಜಿಂಕ್ ಭಾಗ ಹೆಚ್ಚಿರುತ್ತದೆ. ಈ ಭೇದ ಪುಸ್ತಕಕ್ಕಷ್ಟೇ ಸೀಮಿತವಲ್ಲ. ಎರಡೂ ಬಗೆಯ ರೋಗಿಗಳಲ್ಲಿ ಸಣ್ಣ ಪ್ರಮಾಣದ ರಕ್ತಹೀನತೆ, ಕಡಿಮೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಅಂಶ) ಸಾಮಾನ್ಯ, ನೋಡಿದವರು ಕಬ್ಬಿಣದ ಮಾತ್ರೆ ಬರೆದುಬಿಡುತ್ತಾರೆ. ಎಕ್ಸ್ ಬಗೆಯಲ್ಲಿ ಫೆರೋಕೆಲಟೇಸ್ ಕಿಣ್ವ ಸರಿಯಾಗಿಯೇ ಇರುವುದರಿಂದ ಕಬ್ಬಿಣ ನೆರವಾಗಬಹುದು. ಇಪಿಪಿಯಲ್ಲಿ ಅದೇ ಕಬ್ಬಿಣ ಹೀಮ್ ತಯಾರಿಯ ಮೊದಲ ಹಂತವನ್ನು ಚುರುಕುಗೊಳಿಸಿ ಪ್ರೋಟೋಪಾರ್ಫಿರಿನ್ ಏರಿಸಬಹುದು. ಕೊಡಲೇಬೇಕಾದರೆ ಮಟ್ಟ ಅಳೆಯುತ್ತಾ ಕೊಡಬೇಕು.

ಇನ್ನು ಲಿವರ್. ಪ್ರೋಟೋಪಾರ್ಫಿರಿನ್ ದೇಹದಿಂದ ಹೊರಹೋಗಲು ಇರುವ ದಾರಿ ಪಿತ್ತರಸ ಒಂದೇ. ಹಾಗಾಗಿ ಕೆಲವರಲ್ಲಿ ಚಿಕ್ಕ ವಯಸ್ಸಿಗೇ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಳ್ಳುತ್ತದೆ. ಶೇ 5ಕ್ಕಿಂತ ಕಡಿಮೆ ರೋಗಿಗಳಲ್ಲಿ ಪ್ರೋಟೋಪಾರ್ಫಿರಿನ್ ಲಿವರ್‌ನ ಸೂಕ್ಷ್ಮ ಪಿತ್ತನಾಳಗಳಲ್ಲೇ ಹರಳುಗಟ್ಟುತ್ತದೆ. ಪಿತ್ತದ ಹರಿವು ನಿಂತಷ್ಟೂ ಪ್ರೋಟೋಪಾರ್ಫಿರಿನ್ ಹೆಚ್ಚು ಉಳಿಯುತ್ತದೆ, ಉಳಿದಷ್ಟೂ ಹರಿವು ನಿಲ್ಲುತ್ತದೆ. ಈ ಸುಳಿಗೆ ಸಿಕ್ಕರೆ ಕೆಲವೇ ವಾರಗಳಲ್ಲಿ ಲಿವರ್ ಕೈಕೊಡಬಹುದು. ಬಿಸಿಲು ತಡೆಯುವ ಶಕ್ತಿ ಇದ್ದಕ್ಕಿದ್ದಂತೆ ಕುಸಿದರೆ, ಮನೆಯ ದೀಪಕ್ಕೂ ಉರಿ ಬಂದರೆ, ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು, ಕಣ್ಣು ಹಳದಿ ಕಂಡರೆ ಅದೇ ದಿನ ಆಸ್ಪತ್ರೆಗೆ. ಉಳಿದಂತೆ ವರ್ಷಕ್ಕೊಮ್ಮೆ ಲಿವರ್ ಪರೀಕ್ಷೆ, ಪ್ರೋಟೋಪಾರ್ಫಿರಿನ್ ಮಟ್ಟ, ರಕ್ತದ ಎಣಿಕೆ, ಫೆರಿಟಿನ್, ಬಿಸಿಲು ಕಾಣದವರಾದ್ದರಿಂದ ವಿಟಮಿನ್ ಡಿ. ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಹಾಕಿಸಲೇಬೇಕು, ಮದ್ಯ ಬೇಡ. ಲಿವರ್ ಕಸಿ ಜೀವ ಉಳಿಸುತ್ತದೆ, ಆದರೆ ತಯಾರಿಕೆ ನಡೆಯುವುದು ಮಜ್ಜೆಯಲ್ಲಿ; ಹೊಸ ಲಿವರ್‌ಗೂ ಅದೇ ಗತಿ ಬರಬಹುದು. ಅದಕ್ಕೇ ಕೆಲವರಿಗೆ ಆಮೇಲೆ ಅಸ್ಥಿಮಜ್ಜೆ ಕಸಿ ಮಾಡುತ್ತಾರೆ.

ಔಷಧಿಯೇ ಇಲ್ಲವೆಂದಲ್ಲ. ಚರ್ಮದಲ್ಲಿ ಮೆಲನಿನ್ ಹೆಚ್ಚಿಸುವ ಅಫಾಮೆಲನೋಟೈಡ್ 2014ರಲ್ಲಿ ಯುರೋಪಿನಲ್ಲೂ 2019ರಲ್ಲಿ ಅಮೆರಿಕದಲ್ಲೂ ವಯಸ್ಕರಿಗೆ ಅನುಮತಿ ಪಡೆಯಿತು. ಅಕ್ಕಿಕಾಳಿನಷ್ಟಿರುವ 16 ಮಿಲಿಗ್ರಾಂ ಕಡ್ಡಿಯನ್ನು ಎರಡು ತಿಂಗಳಿಗೊಮ್ಮೆ ಸೊಂಟದ ಮೇಲ್ಭಾಗದಲ್ಲಿ ಚರ್ಮದಡಿ ಇಡುತ್ತಾರೆ. ನೋವಿಲ್ಲದೆ ಬಿಸಿಲಲ್ಲಿ ಇರಬಹುದಾದ ಹೊತ್ತು ಹೆಚ್ಚುತ್ತದೆ. ರಕ್ತದ ಪ್ರೋಟೋಪಾರ್ಫಿರಿನ್ ಅದರಿಂದ ಇಳಿಯುವುದಿಲ್ಲ, ಆದ್ದರಿಂದ ಲಿವರ್ ತಪಾಸಣೆ ಬಿಡುವಂತಿಲ್ಲ.

ಪಾರ್ಫೈರಿಯಾ ಎಂದರೆ ರಕ್ತಪಿಶಾಚಿಯ ಕಥೆ ಹೇಳುವ ಬರಹಗಳನ್ನು ದಯವಿಟ್ಟು ನಿಲ್ಲಿಸಿ. ಶಾಲೆಗೆ ಹೋಗುವ ಮಗುವಿಗೆ ಅದರಿಂದ ಆಗುವ ಅವಮಾನ ಉರಿಗಿಂತ ಕಡಿಮೆಯದಲ್ಲ.

ರೋಗ ಖಚಿತವಾದವರು ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಲಿ. ಶಸ್ತ್ರಚಿಕಿತ್ಸೆಯ ದೀಪಗಳು, ಅದರಲ್ಲೂ ಲಿವರ್ ಕೆಟ್ಟವರಲ್ಲಿ, ಹೊಟ್ಟೆ ತೆರೆದಾಗ ಒಳಗಿನ ಅಂಗಗಳನ್ನೇ ಸುಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಚೀಟಿಯಲ್ಲಿ ಇಷ್ಟು ಬರೆದಿದ್ದರೆ ಸಾಕು: ‘ನನಗೆ ಇಪಿಪಿ ಇದೆ. ಆಪರೇಷನ್ ದೀಪಗಳಿಗೆ ನೇರಳೆ-ನೀಲಿ ಬೆಳಕು ತಡೆಯುವ ಹಳದಿ ಫಿಲ್ಟರ್ ಹಾಕಿ.’

— ಚರ್ಮರೋಗ ಹಾಗೂ ರಕ್ತರೋಗ ವಿಭಾಗಗಳ ಕೆಲವು ವೈದ್ಯರು