ಕಾವು (ಹಿಡಿ) ಬದಲಿಸಲು ಬರುವ ಕೊಡಲಿ

ವರ್ಮಾಂಟ್, ಅಮೆರಿಕ
ಅಕ್ಟೋಬರ್ ಕೊನೆ

ತೀರ್ಥರೂಪು ದೊಡ್ಡಪ್ಪನವರಿಗೆ ಪುಟ್ಟಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಆರಾಮ. ಅಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗಿರಬೇಕು. ಕೊಳೆ ರೋಗ ಈ ಸಲ ಎಷ್ಟು ತಿಂದಿತೋ, ಬರೆಯಿರಿ. ನಾನು ಕಳಿಸಿದ ಕೊಡಲಿಯ ಫೋಟೋ ನೋಡಿ ನೀವು ನಕ್ಕಿರಿ ಅಂತ ತಮ್ಮ ಫೋನಿನಲ್ಲಿ ಹೇಳಿದ. "ಇದು ಕೊಡಲಿಯೋ ಸುತ್ತಿಗೆಯೋ?" ಅಂದಿರಂತೆ. ಬೇಸಿಗೆಗೆ ಬರುವಾಗ ನಮಗೂ ಒಂದು ತರಲಿ ಅಂತಲೂ ಹೇಳಿದಿರಂತೆ. ಫೋನಿನಲ್ಲಿ ಇದೆಲ್ಲ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಈ ಕಾಗದ ಪೂರ್ತಿ ಕೊಡಲಿಯದ್ದೇ. ದೊಡ್ಡಮ್ಮ ಬೈದರೆ ಬೈಯಲಿ.

ನೀವು ಕೇಳಿದ್ದು ಸರಿಯೇ, ಅದು ಎರಡೂ ಹೌದು. ಇಲ್ಲಿ ಮಾಲ್ ಅನ್ನುತ್ತಾರೆ. ನಮ್ಮನೆ ಕೊಡಲಿಯ ಬಾಯಿ ತೆಳು, ಮರ ಕಡಿಯುವುದಕ್ಕೂ ಆಗುತ್ತದೆ, ಒಡೆಯುವುದಕ್ಕೂ ಆಗುತ್ತದೆ. ಇದಕ್ಕೆ ಕಡಿಯಲು ಬರುವುದಿಲ್ಲ. ಬಾಯಿಂದ ಹಿಂದಕ್ಕೆ ದಪ್ಪವಾಗುತ್ತಾ ಹೋಗುತ್ತದೆ. ಹಾಗಾಗಿ ಕುಂಟೆಯೊಳಗೆ, ಅಂದರೆ ಮರದ ತುಂಡಿನೊಳಗೆ, ಸಿಕ್ಕಿಕೊಳ್ಳುವುದು ಕಮ್ಮಿ, ಮರದ ಎಳೆಯನ್ನು ಎರಡೂ ಕಡೆಗೆ ದೂಡಿಬಿಡುತ್ತದೆ. ಹಿಂಭಾಗ ಚಪ್ಪಟೆ. ಗಂಟು ಜಾಸ್ತಿ ಇರುವ ಕುಂಟೆಗೆ ಕಬ್ಬಿಣದ ಬೆಣೆ ಇಟ್ಟು ಆ ಕಡೆಯಿಂದ ಹೊಡೆಯಬಹುದು.

ನಮಗೆ ಇದು ಯಾಕೆ ಬೇಕಾಯಿತು ಅಂದರೆ, ಇಲ್ಲಿ ಮನೆ ಬೆಚ್ಚಗಾಗುವುದೇ ಕಟ್ಟಿಗೆ ಒಲೆಯಿಂದ. ಬಚ್ಚಲ ಹಂಡೆಯ ಲೆಕ್ಕವಲ್ಲ ಇದು. ಕಟ್ಟಿಗೆಯನ್ನು ಕಾರ್ಡ್ ಎಂಬ ಅಳತೆಯಲ್ಲಿ ಮಾರುತ್ತಾರೆ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದಕ್ಕೆ ಪೇರಿಸಿದರೆ ಒಂದು ಕಾರ್ಡ್, 128 ಘನ ಅಡಿ. ನಮ್ಮಂಥ ಸಣ್ಣ ಮನೆಗೂ ಒಂದು ಚಳಿಗಾಲಕ್ಕೆ ಮೂರ್ನಾಲ್ಕು ಕಾರ್ಡ್ ಬೇಕು. ಒಡೆದು ಒಣಗಿಸಿದ್ದಕ್ಕೆ ರೇಟು ಜಾಸ್ತಿ. ದುಂಡಗೆ ಕೊಯ್ದ ಹಸಿ ಕುಂಟೆ ತರಿಸಿಕೊಂಡರೆ ಅಗ್ಗ, ಆದರೆ ಒಡೆಯುವವರು ನಾವೇ. ಒಡೆದ ಮೇಲೂ ಆರು ತಿಂಗಳಿಂದ ಒಂದು ವರ್ಷ ಒಣಗಬೇಕು. ನೀರಿನಂಶ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿಯದಿದ್ದರೆ ಬರೀ ಹೊಗೆ, ಹೊಗೆಗೂಡಿನೊಳಗೆ ಡಾಂಬರಿನಂಥ ಮಸಿ ಕಟ್ಟಿ ಬೆಂಕಿ ಹಿಡಿಯುವ ಭಯ ಬೇರೆ. ಇವರು ಕಟ್ಟಿಗೆ ಒಡೆಯುವ ಯಂತ್ರ ಬಾಡಿಗೆಗೆ ತರೋಣ ಅಂತಾರೆ. ಆ ಸದ್ದು ನನಗೆ ಆಗುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಒಡೆದರೆ ಚಳಿಯೂ ಬಿಡುತ್ತದೆ.

ಅಂಗಡಿಯಲ್ಲಿ ಎಲ್ಲರ ಕೈ ಮೊದಲು ಹೋಗುವುದು 8 ಪೌಂಡಿನದಕ್ಕೆ. ಅಂದರೆ ತಲೆಯೇ ಮೂರೂವರೆ ಕೆಜಿಗೂ ಜಾಸ್ತಿ. ನೀವೂ ಅದನ್ನೇ ಎತ್ತುತ್ತಿದ್ದಿರಿ, ಗೊತ್ತು. ಭಾರ ಇದ್ದರೆ ತಾನಾಗಿ ಒಡೆಯುತ್ತದೆ ಅಂತೀರಿ. ನಾನು ತಂದಿದ್ದು 6 ಪೌಂಡಿನದು, 2.7 ಕೆಜಿ. ಲೆಕ್ಕ ಹೀಗಿದೆ ನೋಡಿ. ತೂಕ ಎರಡು ಪಟ್ಟಾದರೆ ಹೊಡೆತದ ಶಕ್ತಿಯೂ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಎತ್ತಲು ಏದುಸಿರು ಬಿಡುವ ಕೊಡಲಿ ಕೆಳಗೆ ಬರುವಾಗ ನಿಧಾನವಾಗೇ ಬರುತ್ತದೆ. ಸುಸ್ತಾದ ಮೇಲಂತೂ ಗುರಿಯೂ ತಪ್ಪುತ್ತದೆ, ಕಾವು ಮುರಿಯುವುದು ಆಗಲೇ. ದಪ್ಪ ಹಸಿ ಕುಂಟೆಗೆ 8 ಪೌಂಡು ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಆದರೆ ಅದು ನಿಮ್ಮಂಥ ಆಳಿಗೆ, ನನ್ನಂಥವಳಿಗಲ್ಲ.

ಹಳೆ ಸಾಮಾನು ಮಾರುವಲ್ಲಿ ಇನ್ನೊಂದು ಜಾತಿಯದು ಸಿಗುತ್ತದೆ. ಹನ್ನೆರಡು ಪೌಂಡಿನ ತ್ರಿಕೋನ ಕಬ್ಬಿಣದ ಗಟ್ಟಿ, ಅದಕ್ಕೆ ವೆಲ್ಡ್ ಮಾಡಿದ ಉಕ್ಕಿನ ಕೊಳವೆಯೇ ಕಾವು. ಅದು ಮುರಿಯುವುದೇ ಇಲ್ಲ ಅನ್ನುತ್ತಾರೆ. ನಿಜ. ಮುರಿಯುವುದು ನಮ್ಮ ಮೊಣಕೈ, ಏಟಿನ ಅದುರೆಲ್ಲ ಅಲ್ಲಿಗೇ ಬರುತ್ತದಲ್ವಾ!

ಕೊಡಲಿ ಬಾಳಿಕೆ ಬರುವುದು ಅಂದರೆ ಕಬ್ಬಿಣ ನೋಡುತ್ತಾರೆ ಎಲ್ಲರೂ. ಕಬ್ಬಿಣ ಎಲ್ಲಿ ಹೋಗುತ್ತದೆ? ಒಂದು ಸಾಧಾರಣ ತಲೆಯೂ ಎರಡು ತಲೆಮಾರು ಬರುತ್ತದೆ. ಹೋಗುವುದು ಕಾವು. ಅದೂ ತಲೆಯ ಕೆಳಗಿನ ನಾಲ್ಕು ಬೆರಳು ಜಾಗದಲ್ಲಿ. ಬಾಯಿ ಕುಂಟೆ ದಾಟಿ ಆಚೆ ಬಿದ್ದರೆ ಕಾವು ಅಂಚಿಗೆ ಬಡಿಯುತ್ತದೆ, ಸಿಬಿರೇಳುತ್ತದೆ, ಒಂದು ದಿನ ಲಟಕ್. ಹಾಗಾಗಿ ನಾನು ಕೇಳಿದ್ದು ಒಂದೇ: ಮುರಿದರೆ ನಾನೇ ಬೇರೆ ಕಾವು ಹಾಕಬಹುದಾ?

ಫಿನ್ಲೆಂಡಿನ ಫಿಸ್ಕಾರ್ಸ್ ಕೊಡಲಿಗೆ ಆಗುವುದಿಲ್ಲ. 1649ರಲ್ಲಿ ಶುರುವಾದ ಹಳೇ ಕಂಪನಿ ಅದು. ಪಕ್ಕದ ಮನೆಯವರ ಹತ್ತಿರ ಅವರ ಎಕ್ಸ್ 27 ಇದೆ. 36 ಇಂಚಿನ ಕಾವು, ಹಗುರ, ಎಳೆ ನೇರ ಇರುವ ಮರವಾದರೆ ಒಂದೇ ಏಟು. ತಲೆಯನ್ನು ಪ್ಲಾಸ್ಟಿಕ್ ಜಾತಿಯ ಕಾವಿನೊಳಗೇ ಅಚ್ಚು ಹಾಕಿ ಕೂರಿಸಿರುತ್ತಾರೆ, ಸಡಿಲವಾಗುವ ಮಾತೇ ಇಲ್ಲ. ಆದರೆ ಮುರಿದರೆ ಇಡೀ ಕೊಡಲಿ ಹೋಯಿತು. ಅದರ ಹಿಂಭಾಗದಿಂದ ಬೆಣೆ ಹೊಡೆಯುವ ಹಾಗೂ ಇಲ್ಲ. ಫೈಬರ್ ಗ್ಲಾಸ್ ಕಾವಿನವು ಬೇರೆ ಇವೆ. ಅವನ್ನು ಬದಲಿಸಬಹುದು, ಆದರೆ ಒಳಗೆ ಅಂಟು ತುಂಬಿ ಕೂರಿಸಿದ್ದನ್ನು ಕೊರೆದು ತೆಗೆಯುವುದು ದೊಡ್ಡ ರಗಳೆ. ಬಿಸಿಲಲ್ಲಿ ಬಿಟ್ಟರೆ ಮೇಲ್ಮೈ ಎದ್ದು ಅಂಗೈಗೆ ಚುಚ್ಚುತ್ತದೆ.

ಸ್ವೀಡನ್ನಿನ ಗ್ರಾನ್ಸ್‌ಫೋರ್ಸ್ ಕಂಪನಿಯದು ಕೈಯಲ್ಲಿ ಹಿಡಿದು ನೋಡಿದೆ. 1902ರಿಂದ ಇರುವ ಕುಲುಮೆ. ತಲೆ ಬಡಿದ ಕಮ್ಮಾರ ತನ್ನ ಹೆಸರಿನ ಅಕ್ಷರ ಅದರ ಮೇಲೇ ಒತ್ತುತ್ತಾನೆ. ತಲೆಯ ಕೆಳಗೆ ಕಾವಿಗೆ ಉಕ್ಕಿನ ಪಟ್ಟಿ ಕೂಡ ಇದೆ, ನಾನು ಹೇಳಿದ ಆ ನಾಲ್ಕು ಬೆರಳು ಜಾಗಕ್ಕೇ. ಚಂದ ಅಂದರೆ ಚಂದ! ಬೆಲೆ ಇನ್ನೂರು ಡಾಲರಿಗೂ ಮೇಲೆ. ತಮಾಷೆ ಅಂದರೆ ಕಾವಿನ ಹಿಕರಿ ಮರ ಇದೇ ಅಮೆರಿಕದಿಂದ ಸ್ವೀಡನ್ನಿಗೆ ಹೋಗಿ, ಕೊಡಲಿಯಾಗಿ ತಿರುಗಿ ಬರುವುದು. ವಾಪಸ್ ಇಟ್ಟು ಬಂದೆ.

ಕೊನೆಗೆ ತಂದಿದ್ದು ಊರ ಅಂಗಡಿಯ ಸಾದಾ ಹಿಕರಿ ಕಾವಿನದು. ಮುರಿದರೆ ಹೊಸ ಕಾವು ಅದೇ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ಡಾಲರಿಗೆ ಸಿಗುತ್ತದೆ. ಆರಿಸುವಾಗ ಅಲ್ಲಿದ್ದ ಎಲ್ಲವನ್ನೂ ತಲೆಕೆಳಗು ಮಾಡಿ ಕಾವಿನ ತುದಿ ನೋಡಿದೆ. ಮರದ ಗೆರೆಗಳು ಕೊಡಲಿ ಬಾಯಿ ಇರುವ ದಿಕ್ಕಿಗೇ ಓಡಬೇಕು, ಅಡ್ಡ ಇರಬಾರದು. ಉದ್ದಕ್ಕೂ ಎಳೆ ಮಧ್ಯದಲ್ಲಿ ಹೊರಗೆ ಹೋಗಿರಬಾರದು. ಬಣ್ಣ ಬಳಿದಿದ್ದು ಬೇಡವೇ ಬೇಡ, ಒಳಗೆ ಏನಿದೆ ಅಂತ ಕಾಣುವುದಿಲ್ಲ. ಅಂಗಡಿಯವನು ನನ್ನನ್ನೇ ನೋಡುತ್ತಿದ್ದ. ನೋಡಲಿ, ಬಿಡಿ. ಮನೆಗೆ ತಂದು ವಾರ್ನಿಷ್ ಕೆರೆದು ಅಗಸೆ ಎಣ್ಣೆ ತಿಕ್ಕಿದೆ. ಕಾವು 36 ಇಂಚು. ಗಿಡ್ಡ ಇರುವವರಿಗೆ ಗಿಡ್ಡ ಕಾವು ಅನ್ನುತ್ತಾರೆ ಕೆಲವರು, ನಾನು ಒಪ್ಪುವುದಿಲ್ಲ. ಗಿಡ್ಡ ಕಾವಿನ ಏಟು ತಪ್ಪಿದರೆ ಮೊಣಕಾಲಿಗೆ ಬರುತ್ತದೆ, ಉದ್ದದ್ದು ನೆಲಕ್ಕೆ ಬೀಳುತ್ತದೆ.

ಇನ್ನೊಂದು ಮಾತು, ಸಿಟ್ಟು ಮಾಡಬೇಡಿ. ಕಾವು ಅಲ್ಲಾಡಿದರೆ ನೀವು ಕೊಡಲಿಯನ್ನು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕುತ್ತೀರಿ. ಬೆಳಿಗ್ಗೆ ಗಟ್ಟಿ ಇರುತ್ತದೆ ನಿಜ. ಆದರೆ ಉಬ್ಬಿದ ಮರವನ್ನು ಕಬ್ಬಿಣ ಹಿಚುಕುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಣ್ಣದಾಗಿ ಇನ್ನೂ ಸಡಿಲ. ತಲೆಯ ತೂತಿನಲ್ಲಿ ಕಾವಿಗೆ ಬೆಣೆ ಬಡಿದು ಎಣ್ಣೆ ಹಾಕಿದರೆ ಸಾಕು.

ಈ ವರ್ಷ ನಮಗೆ ಸಿಕ್ಕಿದ್ದು ಹೆಚ್ಚಿನದೆಲ್ಲ ಆಶ್ ಮರ. ಏಷ್ಯಾದಿಂದ ಬಂದ ಹಸಿರು ದುಂಬಿಯೊಂದು 2018ರಲ್ಲಿ ಈ ರಾಜ್ಯದಲ್ಲೂ ಕಾಣಿಸಿಕೊಂಡಿತು, ಅದರ ಮರಿಹುಳು ತೊಗಟೆಯ ಕೆಳಗೆ ತಿಂದು ಆಶ್ ಮರಗಳನ್ನೆಲ್ಲ ಸಾಯಿಸುತ್ತಿದೆ. ಪಾಪದ ಮರ, ಒಡೆಯಲು ಮಾತ್ರ ಬಲು ಸಲೀಸು. ಎಲ್ಮ್ ಮರ ಸಿಕ್ಕಿದರೆ ನಮ್ಮ ನೀಲಗಿರಿಯದ್ದೇ ಕಥೆ, ಎಳೆ ಹೆಣೆದುಕೊಂಡು ಬಿಡುವುದೇ ಇಲ್ಲ. ಅಗಲದ ಕುಂಟೆಯಾದರೆ ನಡುವಿಗೆ ಹೊಡೆಯಬೇಡಿ, ಅಂಚಿನಿಂದ ಸುತ್ತ ಚಕ್ಕೆ ತೆಗೆಯುತ್ತಾ ಬನ್ನಿ. ಒಂದು ಹಳೆ ಟೈರನ್ನು ಕುಂಟೆಯ ಸುತ್ತ ಹಾಕಿಕೊಂಡರೆ ಒಡೆದ ತುಂಡು ಚೆಲ್ಲಾಪಿಲ್ಲಿ ಆಗುವುದಿಲ್ಲ, ಬಗ್ಗಿ ಬಗ್ಗಿ ಎತ್ತುವ ಕೆಲಸ ಉಳಿಯುತ್ತದೆ. ಜೀಪಿನ ಟೈರು ಕೊಟ್ಟಿಗೆ ಹಿಂದೆ ಬಿದ್ದಿದೆಯಲ್ಲ, ನಾಳೆಯೇ ಮಾಡಿ ನೋಡಿ.

ನಿಮಗೆ ತರುವ ವಿಷಯ. ಪೂರ್ತಿ ಕೊಡಲಿ ತರುವುದಿಲ್ಲ, ಮೂರಡಿ ಕಾವು ಸೂಟ್‌ಕೇಸಿಗೆ ಹಿಡಿಯುವುದಿಲ್ಲ. ಬರೀ ತಲೆ ತರುತ್ತೇನೆ, 6 ಪೌಂಡಿನದು. ವಿಮಾನದಲ್ಲಿ ಕೆಳಗೆ ಹಾಕುವ ಬ್ಯಾಗಿನಲ್ಲಿ ಬಾಯಿಗೆ ಬಟ್ಟೆ ಸುತ್ತಿ ಇಟ್ಟರೆ ಆಯಿತು. ಕಾವು ಅಲ್ಲೇ ಆಗಲಿ. ಹಿಕರಿಗೆ ನಮ್ಮ ದಡಸಲು ಮರ ಏನೂ ಕಮ್ಮಿ ಇಲ್ಲ, ಅದೂ ಬಾಗುತ್ತದೆಯೇ ಹೊರತು ಸುಲಭಕ್ಕೆ ಮುರಿಯುವುದಿಲ್ಲ. ಅಟ್ಟದ ಮೇಲೆ ಒಣಗಿದ ದಡಸಲು ಇದ್ದರೆ ಎಳೆ ನೇರ ಇರುವ ಒಂದನ್ನು ತೆಗೆದಿಡಿ. ತಲೆಯ ತೂತಿನ ಅಳತೆಯನ್ನು ಇದೇ ಕಾಗದದ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಅದಕ್ಕಿಂತ ಸ್ವಲ್ಪ ದಪ್ಪವೇ ಕೆತ್ತಿಸಿ, ಬಂದ ಮೇಲೆ ಕೂತು ಸರಿ ಮಾಡೋಣ. ತಮ್ಮನಿಗೆ ಕಣ್ಣಿಗೆ ಹಾಕುವ ಕನ್ನಡಕವನ್ನೂ ತರುತ್ತೇನೆ, ಬೆಣೆ ಹೊಡೆಯುವಾಗ ಕಬ್ಬಿಣದ ಚೂರು ಹಾರುತ್ತದೆ.

ದೊಡ್ಡಮ್ಮನಿಗೆ ನಮಸ್ಕಾರ. ಅವರಿಗೆ ಏನು ತರಲಿ ಅಂತ ಕೇಳಿ ಬರೆಯಿರಿ, ಕಬ್ಬಿಣ ಬಿಟ್ಟು.

ನಿಮ್ಮ
ಪುಟ್ಟಿ