ಕತ್ತರಿ ಕೈಗೆತ್ತಿಕೋ, ಏನೂ ಆಗೋದಿಲ್ಲ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಫೋಟೋ ನೋಡಿದೆ. ನಿಜ ಹೇಳಲಾ? ನಿನ್ನ ಅಂಬ್ರೆಲಾ ಗಿಡ ಗಟ್ಟಿಮುಟ್ಟಾಗಿದೆ, ಬೋನ್ಸಾಯ್, ಅಂದರೆ ಕುಂಡದೊಳಗಿನ ಪುಟ್ಟ ಮರ, ಮಾತ್ರ ಆಗಿಲ್ಲ. ಒಂದೂವರೆ ಅಡಿ ಬೋಳು ಕೋಲು, ತುದಿಗೆ ಕೊಡೆಯಂತೆ ಬಿಚ್ಚಿಕೊಂಡ ನಾಲ್ಕು ಎಲೆಗೊಂಚಲು. ಎರಡು ವರ್ಷದಿಂದ ಕತ್ತರಿ ಮುಟ್ಟಿಸಿಲ್ಲ ಅಂತ ಯಾರಾದರೂ ಹೇಳಿಯಾರು. ‘ಕತ್ತರಿಸಿದ ಮೇಲೆ ಸತ್ತೇಹೋದರೆ?’ ಅಂತ ಕೇಳಿದ್ದೀಯಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ನನ್ನ ಪೆದ್ದುತನ ಕೇಳು. ಬೋನ್ಸಾಯ್ ಅಂದರೆ ತಂತಿ ಸುತ್ತಿ ಬಗ್ಗಿಸೋದು ಅಂತ ತಿಳಿದು, ನನ್ನ ಅಂಬ್ರೆಲಾ ಗಿಡಕ್ಕೂ ಅಲ್ಯೂಮಿನಿಯಂ ತಂತಿ ಬಿಗಿದಿದ್ದೆ. ಇನ್ನೊಂಚೂರು, ಇನ್ನೊಂಚೂರು ಅಂತ ಬಗ್ಗಿಸುವಾಗ ಸೀಮೆಸುಣ್ಣ ಮುರಿದ ಹಾಗೆ ‘ಟಕ್’ ಅಂತು. ಮುರಿದ ಜಾಗದಲ್ಲಿ ನೋಡಿದರೆ ನಡುವೆ ಬೆಳ್ಳಗೆ, ಮೆತ್ತಗಿನ ತಿರುಳು. ಎಳೆಯ ಕೊಂಬೆ ಅಷ್ಟಿಷ್ಟು ಬಾಗುತ್ತೆ, ಬಲಿತದ್ದು ಬಾಗೋ ಜಾತಿಯೇ ಅಲ್ಲ. ಈ ಗಿಡಕ್ಕೆ ರೂಪ ಬರೋದು ಕತ್ತರಿಯಿಂದ. ಮುರಿದ ತುಂಡನ್ನು ಬೇಜಾರಲ್ಲಿ ಪಕ್ಕದ ಕುಂಡಕ್ಕೆ ಚುಚ್ಚಿಟ್ಟಿದ್ದೆ, ಅದೂ ಬೇರು ಬಿಟ್ಟಿತು. ಇಂಥ ಗಿಡಕ್ಕೆ ನೀನು ಹೆದರೋದಾ!

ಇದರ ಹುಟ್ಟು ತೈವಾನ್ ಮತ್ತು ಹೈನಾನ್ ದ್ವೀಪದ ಕಾಡು. ಬಹಳ ದಿನ ಇದನ್ನು ಶೆಫ್ಲೆರಾ ಆರ್ಬೊರಿಕೋಲ ಅಂತಿದ್ದರು. ಈಗ ಸಸ್ಯಶಾಸ್ತ್ರದವರು ಹೆಪ್ಟಾಪ್ಲ್ಯೂರಮ್ ಕುಲಕ್ಕೆ ಸೇರಿಸಿದ್ದಾರೆ, ಗಿಡ ಮಾರುವವರು ಇನ್ನೂ ಹಳೇ ಹೆಸರನ್ನೇ ಹೇಳ್ತಾರೆ. ಹೆಸರು ಏನಾದರಾಗಲಿ, ‘ಆರ್ಬೊರಿಕೋಲ’ ಅಂದರೆ ಮರದ ಮೇಲೆ ವಾಸಿಸುವಂಥದ್ದು ಅನ್ನೋದನ್ನು ನೆನಪಿಡು. ಕಾಡಿನಲ್ಲಿ ಎಷ್ಟೋ ಸಲ ಇದು ಬೇರೆ ಮರದ ಕವಲಿನಲ್ಲಿ ಹುಟ್ಟಿಕೊಂಡು ಬೆಳೆಯುತ್ತೆ. ಅಲ್ಲಿ ಮಳೆ ಬಂದಾಗ ನೆನೆಯೋದು, ನಿಂತ ಕೂಡಲೇ ಒಣಗೋದು. ಹಾಗಾಗಿ ಬೇರಿಗೆ ಗಾಳಿ ಬೇಕು, ಕೆಸರು ಆಗದು. ನಿನ್ನ ಗಿಡದ ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದೆ ಅಂದೆಯಲ್ಲ, ನನಗೆ ಅನುಮಾನ ನಿನ್ನ ನೀರಿನ ತಂಬಿಗೆ ಮೇಲೆ. ಮಣ್ಣಿಗೆ ಬೆರಳು ಇಳಿಸಿ ನೋಡು. ಒಂದು ಗೆಣ್ಣಿನಷ್ಟು ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲು.

ಈಗ ಕತ್ತರಿ ವಿಷಯ. ಕಾಂಡವನ್ನು ಹತ್ತಿರದಿಂದ ನೋಡಿದರೆ ಹಳೇ ಎಲೆ ಉದುರಿದ ಜಾಗದಲ್ಲೆಲ್ಲ ಅರ್ಧಚಂದ್ರದಂಥ ಗುರುತಿರುತ್ತೆ. ಅದೇ ಗೆಣ್ಣು. ಪ್ರತಿ ಗುರುತಿನ ಮೇಲೂ ಒಂದು ಮೊಗ್ಗು ಮಲಗಿರುತ್ತೆ. ತುದಿ ಇರೋವರೆಗೂ ಅದು ಏಳೋದಿಲ್ಲ. ಗೆಣ್ಣಿನ ಮೇಲೆ ಉಗುರಿನಗಲ ಬಿಟ್ಟು ಕತ್ತರಿಸು. ಕತ್ತರಿಸಿದ ಮೋಟು ಗೆಣ್ಣಿನತನಕ ಒಣಗುತ್ತೆ, ಗೆಣ್ಣಿಗೆ ತೀರ ಒತ್ತಿ ಕತ್ತರಿಸಿದರೆ ಕೆಲವೊಮ್ಮೆ ಮೊಗ್ಗೂ ಒಣಗುತ್ತೆ. ಕೆಲವು ವಾರದಲ್ಲಿ ಕೆಳಗಿನ ಎರಡು ಮೂರು ಗುರುತುಗಳು ಹಸಿರಾಗಿ ಉಬ್ಬುತ್ತವೆ. ನಿನಗೆ ಬೇಕಾದ ದಿಕ್ಕಿಗೆ ಮುಖ ಮಾಡಿದ್ದನ್ನು ಉಳಿಸಿ, ಬೇಡದ್ದನ್ನು ಬೆರಳಲ್ಲೇ ಉಜ್ಜಿ ತೆಗೆ. ಹೊಸ ಚಿಗುರು ಮೂರು ಎಲೆ ಬಿಟ್ಟ ಮೇಲೆ ತುದಿ ಚಿವುಟು. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತೆ. ಇದನ್ನೆಲ್ಲ ಬೆಚ್ಚನೆಯ ದಿನಗಳಲ್ಲಿ, ಗಿಡ ಚಿಗುರುವ ಹುಮ್ಮಸ್ಸಿನಲ್ಲಿರುವಾಗ ಮಾಡು. ಅದೇ ವಾರ ಕುಂಡವನ್ನೂ ಬದಲಾಯಿಸೋಕೆ ಹೋಗಬೇಡ. ಆಮೇಲೆ ಕೈ ತೊಳಕೋ. ಇದರ ರಸ ಕೆಲವರಿಗೆ ತುರಿಕೆ ತರುತ್ತೆ, ಬೆಕ್ಕು ನಾಯಿ ಎಲೆ ಅಗಿದರೆ ಬಾಯಿ ಉರಿದು ವಾಂತಿಯಾಗುತ್ತೆ.

ಎಲೆ ದೊಡ್ಡದು ಅನ್ನೋ ಗೋಳು ಎಲ್ಲರದ್ದೂ. ಕೊಡೆಯಂಥ ಒಂದೊಂದು ಗೊಂಚಲಿಗೂ ಏಳರಿಂದ ಒಂಬತ್ತು ಕಿರುಎಲೆ, ಪುಟ್ಟ ಕುಂಡಕ್ಕೆ ಅದು ಭಾರವೇ. ಬಲವಾದ ಗಿಡದಲ್ಲಿ ಎಲೆಯನ್ನಷ್ಟೇ ಕತ್ತರಿಸಿ ತೊಟ್ಟು ಉಳಿಸಿದರೆ, ಒಂದೆರಡು ವಾರದಲ್ಲಿ ತೊಟ್ಟು ಹಳದಿಯಾಗಿ, ಮುಟ್ಟಿದರೆ ಸಾಕು ಕೈಗೆ ಬರುತ್ತೆ. ಆ ಮೇಲೆ ಬರುವ ಎಲೆ ಚಿಕ್ಕದು. ಆದರೆ ಬೆಳಕು ಇಲ್ಲದೆ ಈ ಉಪಾಯ ಕೈಕೊಡುತ್ತೆ. ‘ನೆರಳಲ್ಲೂ ಬೆಳೆಯುತ್ತೆ’ ಅಂತಾರೆ, ಬದುಕುತ್ತೆ ಅಷ್ಟೇ. ಮೂಲೆಯಲ್ಲಿಟ್ಟರೆ ತೊಟ್ಟು ಉದ್ದವಾಗಿ ಜೋಲುತ್ತೆ. ಕಿಟಕಿ ಪಕ್ಕಕ್ಕೆ ಎಳಿ.

ಬಿಳಲಿನ ಆಸೆ ನನಗೆ ಶುರುವಾಗಿ ಬಹಳ ದಿನವಾಯ್ತು. ತೇವದ ಗಾಳಿ ಸಿಕ್ಕರೆ ಇದು ಆಲದ ಮರದ ಥರ ಬಿಳಲು ಬಿಡುತ್ತೆ. ಮನೆಯೊಳಗಿನ ಒಣ ಗಾಳಿಗೆ ಅದು ಬರೋದು ಕಷ್ಟ, ಹಾಗಾಗಿ ನನ್ನ ಗಿಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿದೆ. ಮೊನ್ನೆ ಮುಚ್ಚಳ ತೆಗೆದರೆ ಒಂದು ಕೊಂಬೆಯ ತಳದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮೊನೆ! ಸ್ಟ್ರಾ ಒಂದನ್ನು ಉದ್ದಕ್ಕೆ ಸೀಳಿ, ಒದ್ದೆ ಪಾಚಿ ತುಂಬಿ, ಅದರ ಸುತ್ತ ಇಟ್ಟು ಮಣ್ಣಿಗೆ ದಾರಿ ಮಾಡಿಕೊಟ್ಟಿದ್ದೀನಿ. ದಿನಕ್ಕೆ ಮೂರು ಸಲ ಇಣುಕಿ ನೋಡ್ತೀನಿ, ಮನೆಯವರೆಲ್ಲ ನಗ್ತಾರೆ.

ಇದಕ್ಕೆ ನಿಜವಾದ ಮರದ ತೊಗಟೆ ಇಲ್ಲ, ಬೋನ್ಸಾಯ್ ಅನ್ನಬಾರದು ಅಂತ ಮೂಗು ಮುರಿಯೋರು ಇದ್ದಾರೆ. ಇರಲಿ ಬಿಡು. ಮನೆಯೊಳಗೇ ಸುಖವಾಗಿರುವ ಮರ ಇನ್ನೆಷ್ಟಿವೆ?

ನಿನ್ನ ಫೋಟೋದಲ್ಲಿ ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಎರಡು ಗುರುತು ಹತ್ತಿರ ಹತ್ತಿರ ಇವೆ. ಅದರ ಮೇಲೆ ಕತ್ತರಿಸು. ಎಲೆ ಒಂದೂ ಉಳಿಯೋದಿಲ್ಲ, ಗಾಬರಿಯಾಗಬೇಡ. ಎಲೆ ಇಲ್ಲದ ಮೋಟು ನೀರು ಕುಡಿಯೋದೂ ಕಡಿಮೆ, ಪಾಪ ಅಂತ ತಂಬಿಗೆ ಹಿಡಿದು ಓಡಬೇಡ. ಕತ್ತರಿಸಿದ ತುದಿಯನ್ನು ಎಸೆದೀಯ ಮತ್ತೆ! ಕೆಳಗಿನ ಎಲೆ ತೆಗೆದು, ಒದ್ದೆ ಮರಳಿಗೆ ನೆಟ್ಟು ನೆರಳಲ್ಲಿಡು. ಬೇರು ಬಂದ ಮೇಲೆ ಅದು ನನ್ನದು, ಈಗಲೇ ಹೇಳಿಬಿಟ್ಟಿದ್ದೀನಿ.

ನಿನ್ನ ಗೆಳೆಯ