ಭಾವನನ್ನು ದೇವರು ಮಾಡದ ನಿಮಗೆ

ಬಾನುಲಿಯಲ್ಲಿ ನಮ್ಮ ವಾರದ ಹಾಸ್ಯ ಕಾರ್ಯಕ್ರಮ ಮತ್ತೆ ಪ್ರಸಾರವಾಗತೊಡಗಿ ಈ ಭಾನುವಾರಕ್ಕೆ ಒಂದು ವರ್ಷ ತುಂಬುತ್ತದೆ. ನಡುವೆ ಅದು ಏಕೆ ನಿಂತಿತ್ತೆಂಬುದು ಮೈಸೂರು, ಮಂಡ್ಯ ಕಡೆಯ ಕೇಳುಗರಲ್ಲಿ ಬಹಳ ಮಂದಿಗೆ ಗೊತ್ತಿದೆ. ಕಾರ್ಯಕ್ರಮದ ಎರಡು ದನಿಗಳಲ್ಲಿ ಒಂದಾಗಿದ್ದ, ನಂಟಿನಲ್ಲಿ ನನ್ನ ಅಕ್ಕನ ಗಂಡನಾಗಿದ್ದ ಭಾವ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಆಗ ಮನೆಗೆ ಬಂದವರು, ಬರಲಾಗದೆ ಫೋನು ಮಾಡಿದವರು, ಏನು ಹೇಳಬೇಕೆಂದು ತೋಚದೆ ಸುಮ್ಮನೆ ಕೈ ಹಿಡಿದುಕೊಂಡು ಕುಳಿತವರು, ಎಲ್ಲರಿಗೂ ನಾನು ಋಣಿ. ಆದರೆ ಈ ಬರಹ ಮುಖ್ಯವಾಗಿ ಮತ್ತೊಂದು ಬಗೆಯ ಜನರಿಗಾಗಿ. ಸಾವಿನ ಮನೆಯಲ್ಲಿಯೂ ಆಮೇಲಿನ ತಿಂಗಳುಗಳಲ್ಲಿಯೂ ಭಾವನ ಜಿಪುಣತನ, ಇಸ್ಪೀಟಿನ ಕಳ್ಳಾಟ, ನಾಲಿಗೆಯ ಚಪಲ ಇವನ್ನೆಲ್ಲ ನೆನೆದು ನಗಿಸಿದವರಿಗಾಗಿ, ಸತ್ತವರ ಬಗ್ಗೆ ಹಾಗೆಲ್ಲ ಮಾತನಾಡಬಾರದೆಂಬ ಕಟ್ಟಳೆಯನ್ನು ಮೀರಿ ಅವರನ್ನು ಇದ್ದ ಹಾಗೆಯೇ ಉಳಿಸಿಕೊಟ್ಟವರಿಗಾಗಿ.

ಕಾರ್ಯಕ್ರಮದಲ್ಲಿ ನಾನು ಮೈಸೂರಿನ ಮೇಷ್ಟ್ರು, ಅವರು ಪಾಂಡವಪುರದ ಕಡೆಯ ರೈತ. ನಾನು ಗ್ರಾಂಥಿಕವಾಗಿ ಏನನ್ನೋ ವಿವರಿಸುವುದು, ಅವರು "ಅಲ್ಲ ಕಣ್ ಮೇಷ್ಟ್ರೇ" ಎಂದು ಅಡ್ಡಬರುವುದು, ಇಷ್ಟೇ ಅದರ ಕಟ್ಟು. ಕೇಳುಗರಿಗೆ ನಗು ಬರುತ್ತಿದ್ದುದು ನನ್ನ ಮಾತಿಗೆಂದು ಮೊದಮೊದಲು ನಾನು ನಂಬಿದ್ದೆ. ನಿಜವಾಗಿ ನಗು ಹುಟ್ಟುತ್ತಿದ್ದುದು ಅವರು ಅಡ್ಡಬರುವ ಮುನ್ನ ಬಿಡುತ್ತಿದ್ದ ಚಿಕ್ಕ ಬಿಡುವಿನಲ್ಲಿ. ವೇದಿಕೆಯ ಮೇಲಾದರೆ ಮೌನವೂ ಅಭಿನಯವೇ, ಏಕೆಂದರೆ ಜನ ನಟನ ಮುಖವನ್ನು ನೋಡುತ್ತಿರುತ್ತಾರೆ. ಬಾನುಲಿಯಲ್ಲಿ ಮೌನವೆಂದರೆ ದೋಷ. ಸ್ವಲ್ಪ ಹೆಚ್ಚಾದರೆ ಕೇಳುಗ ಬೇರೆ ನಿಲಯಕ್ಕೆ ತಿರುಗಿಸುತ್ತಾನೆ, ಇನ್ನೂ ಹೆಚ್ಚಾದರೆ ತಾಂತ್ರಿಕ ಕೊಠಡಿಯವರು ಯಂತ್ರ ಕೆಟ್ಟಿತೆಂದು ಓಡಿಬರುತ್ತಾರೆ. ಆ ಅಂಚಿನವರೆಗೆ ಹೋಗಿ, ಬೀಳದೆ ಹಿಂದಿರುಗುವುದು ಭಾವನಿಗೆ ಯಾರೂ ಹೇಳಿಕೊಡದೆ ಬಂದಿದ್ದ ವಿದ್ಯೆ. ಹಾಳೆ ಮಗುಚಿದ ಸದ್ದು ಮೈಕಿಗೆ ಸಿಗಬಾರದೆಂದು ನಾವು ಬರಹವನ್ನು ಪಿನ್ನು ಹಾಕದೆ ಬಿಡಿ ಹಾಳೆಗಳಲ್ಲಿ ಇಟ್ಟುಕೊಳ್ಳುತ್ತಿದ್ದೆವು, ಓದಿ ಮುಗಿದದ್ದನ್ನು ಮೇಜಿನ ಮೇಲೆ ಪಕ್ಕಕ್ಕೆ ಜಾರಿಸುತ್ತಿದ್ದೆವು. ಅವರ ಹಾಳೆಗಳ ಅಂಚಿನಲ್ಲಿ ಪೆನ್ಸಿಲಿನಿಂದ "ಇಲ್ಲಿ ಕೆಮ್ಮು", "ಇಲ್ಲಿ ಎಲೆ ಉಗುಳು", "ಇಲ್ಲಿ ಸುಮ್ಕಿರು" ಎಂಬ ಟಿಪ್ಪಣಿಗಳಿರುತ್ತಿದ್ದವು. ಅವುಗಳಲ್ಲಿ ಕೊನೆಯದರ ಕೆಳಗೆ ಎರಡು ಗೆರೆ ಎಳೆದಿರುತ್ತಿದ್ದರು.

ಕಾಯಿಲೆಯ ದಿನಗಳ ಬಗ್ಗೆ ಹೆಚ್ಚು ಬರೆಯಬಾರದೆಂದುಕೊಂಡಿದ್ದೆ. ಆದರೆ ಡಯಾಲಿಸಿಸ್ ಕೊಠಡಿಯ ಸಿಬ್ಬಂದಿಗೆ ಧನ್ಯವಾದ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ದೇಹದ ರಕ್ತವೆಲ್ಲ ಯಂತ್ರದ ಮೂಲಕ ಹಾದು ತೊಳೆದು ಬರುವವರೆಗೆ ಅಲ್ಲಾಡದೆ ಮಲಗಿರಬೇಕು. ಮೂತ್ರಪಿಂಡ ಕೆಲಸ ನಿಲ್ಲಿಸಿದ ಮೇಲೆ ಕುಡಿದ ನೀರು ಒಳಗೇ ಉಳಿಯುವುದರಿಂದ ನೀರು, ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರು ದಾಟಬಾರದೆಂದು ವೈದ್ಯರು ಭಾವನಿಗೆ ಕಟ್ಟುನಿಟ್ಟು ಮಾಡಿದ್ದರು. ಪ್ರತಿ ಸಲ ಯಂತ್ರಕ್ಕೆ ಕೂಡಿಸುವ ಮುನ್ನ ತೂಕ ನೋಡುತ್ತಾರೆ, ಹೆಚ್ಚಿದ ಪ್ರತಿ ಕಿಲೋವೂ ಮೈಯಲ್ಲಿ ನಿಂತ ಒಂದು ಲೀಟರಿನ ಲೆಕ್ಕ, ಹಾಗಾಗಿ ಕದ್ದು ಕುಡಿದರೆ ತಕ್ಕಡಿ ಹೇಳಿಬಿಡುತ್ತದೆ. ಕಾವೇರಿ ಸೀಮೆಯಲ್ಲಿ ಹುಟ್ಟಿದವರಿಗೆ ಇದಕ್ಕಿಂತ ದೊಡ್ಡ ತಮಾಷೆಯ ವಸ್ತು ಬೇಕೆ? ತಕ್ಕಡಿಯ ಮೇಲೆ ನಿಂತು ಅವರು ದಿನಪತ್ರಿಕೆಯ ಜಲಾಶಯದ ವರದಿಯ ಧಾಟಿಯಲ್ಲಿ ಓದುತ್ತಿದ್ದರು: "ಕನ್ನಂಬಾಡಿ ಭರ್ತಿ ಮಟ್ಟ ನೂರಿಪ್ಪತ್ನಾಕು ಪಾಯಿಂಟ್ ಎಂಟು ಅಡಿ. ಇವತ್ತಿನ ಒಳಹರಿವು ಎರಡು ಸಾವ್ರ. ಹೊರಹರಿವು ಸೊನ್ನೆ. ಸಿಸ್ಟರೇ, ಕ್ರಸ್ಟ್ ಗೇಟ್ ತೆಗ್ದುಬುಡಿ." ವೈದ್ಯರಿಗೆ ಅವರಿಟ್ಟ ಹೆಸರು ನ್ಯಾಯಾಧಿಕರಣ. ಬೇಸಿಗೆ ಬಂದಾಗ, ಮಳೆ ಕಡಿಮೆಯಾದ ವರ್ಷಗಳಿಗೆ ಸಂಕಷ್ಟ ಸೂತ್ರ ಇರುವಂತೆ ತಮಗೂ ಒಂದು ಸೂತ್ರ ಬೇಕು, ಕಾಲು ಲೀಟರು ಹೆಚ್ಚು ಬಿಡಬೇಕು ಎಂದು ಅರ್ಜಿ ಹಾಕಿದರು. ಅರ್ಜಿ ವಜಾ ಆಯಿತು. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲುವ ಭಯವಿರುವುದರಿಂದ ಎಳನೀರನ್ನೂ ನಿಷೇಧಿಸಿದ್ದರು. ಮದ್ದೂರಿನ ಎಳನೀರು ಮಾರುಕಟ್ಟೆಯ ಮುಂದೆ ಹಾದುಹೋಗುವಾಗಲೆಲ್ಲ ಅವರು ಕಾರಿನ ಗಾಜು ಏರಿಸಿ, ಹಳೆಯ ಪ್ರೇಯಸಿಯ ಮನೆ ದಾಟುವವರಂತೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಅಕ್ಕಪಕ್ಕದ ಹಾಸಿಗೆಯವರು ನಗುತ್ತಿದ್ದರು, ಕೆಲವರು ತಮ್ಮ ಡಯಾಲಿಸಿಸ್‌ನ ಸಮಯವನ್ನು ಭಾವನ ಸಮಯಕ್ಕೆ ಹೊಂದಿಸಿಕೊಂಡಿದ್ದರು. ಅವರನ್ನು ಗದರಿಸದೆ, ಯಂತ್ರದ ಪಕ್ಕದಲ್ಲಿ ನಾಟಕ ನಡೆಯಲು ಬಿಟ್ಟ ಆ ದಾದಿಯರಿಗೂ ತಂತ್ರಜ್ಞರಿಗೂ ನನ್ನ ನಮಸ್ಕಾರ. ನಗುವಿನಿಂದ ಕಾಯಿಲೆ ವಾಸಿಯಾಗುತ್ತದೆಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಗಲಿಲ್ಲವೆಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಆದರೆ ಆ ನಾಲ್ಕು ಗಂಟೆಗಳು ಕಳೆಯುವುದು ಸುಲಭವಾಗುತ್ತಿತ್ತು, ಅದೇನೂ ಸಣ್ಣ ಮಾತಲ್ಲ.

ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು. ಅದಕ್ಕೂ ಮೊದಲು ಊರಿನಲ್ಲಿ ಹಾಲು ತುಪ್ಪ ಬಿಡುವ ದಿನ, ಹೆಂಗಸರ ಅಳು ಸ್ವಲ್ಪ ತಗ್ಗಿದ್ದ ಹೊತ್ತಿನಲ್ಲಿ, ಭಾವನ ಬಾಲ್ಯದ ಗೆಳೆಯರೊಬ್ಬರು ಯಾರೂ ಕೇಳದೆಯೇ ಒಂದು ಪ್ರಸಂಗ ಹೇಳಿದರು. ರೈಲಿನಲ್ಲಿ ಇವರಿಬ್ಬರೂ ಮೈಸೂರಿಗೆ ಹೋಗುವಾಗ ಭಾವ ಒಂದೇ ಒಂದು ಮದ್ದೂರು ವಡೆ ಕೊಂಡು, "ಒಡೆ ಚಿಕ್ಕದಾಯ್ತು" ಎಂದು ವಾದ ಮಾಡಿ ಎರಡು ಸಲ ಚಟ್ನಿ ಹಾಕಿಸಿಕೊಂಡು, ಕೊನೆಗೆ ಗೆಳೆಯನಿಗೆ ಕೊಟ್ಟದ್ದು ಚಟ್ನಿ ಮಾತ್ರವಂತೆ. ಮೊದಲು ನಕ್ಕವಳು ನನ್ನ ಅಕ್ಕ. ಆಮೇಲೆ ತಡೆಯಲಾಗಲಿಲ್ಲ, ಕಣ್ಣೀರು ಸುರಿಯುತ್ತಿರುವಾಗಲೇ ಅಲ್ಲಿದ್ದವರ ಹೆಗಲುಗಳು ಕುಲುಕತೊಡಗಿದವು. ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿ ಎದ್ದುಹೋದರು. ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ಶಾಸ್ತ್ರ ಅವರ ಪರವಾಗಿಲ್ಲವೆಂದು ವಿನಯದಿಂದ ಹೇಳಬಯಸುತ್ತೇನೆ. ಭರತನ ನಾಟ್ಯಶಾಸ್ತ್ರ ಆರು ಬಗೆಯ ನಗೆಯನ್ನು ಹೇಳುತ್ತದೆ. ಸ್ಮಿತದಿಂದ ಅತಿಹಸಿತದವರೆಗಿನ ಆ ಪಟ್ಟಿಯಲ್ಲಿ ಐದನೆಯದು ಅಪಹಸಿತ, ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ, ಕಣ್ಣಲ್ಲಿ ನೀರು ತುಂಬಿ, ಹೆಗಲೂ ತಲೆಯೂ ನಡುಗುವಂತೆ ಬರುವ ನಗೆ. ಭರತ ಅದನ್ನು ಕೀಳು ಪಾತ್ರಗಳಿಗೆ ಕೊಟ್ಟಿದ್ದಾನೆಂಬುದು ನಿಜ. ಅವನು ಮಂಡ್ಯ ಜಿಲ್ಲೆಯ ಹಾಲು ತುಪ್ಪಕ್ಕೆ ಬಂದಿರಲಿಲ್ಲ. ಹಾಸ್ಯರಸಕ್ಕೆ ಅವನು ಹೇಳಿದ ಅಧಿದೇವತೆಗಳಾದರೂ ಯಾರು? ಪ್ರಮಥರು, ಮಸಣದಲ್ಲಿ ಕುಣಿಯುವ ಶಿವನ ಗಣಗಳು.

ಕಷ್ಟವಾದದ್ದು ಅನಂತರದ ತಿಂಗಳುಗಳು. ಭಾವನ ಬಗ್ಗೆ ಯಾರು ಮಾತನಾಡಿದರೂ ಅವರು ಅಜಾತಶತ್ರು, ಮಗುವಿನಂಥ ಮನಸ್ಸಿನವರು, ಯಾರಿಗೂ ನೋವು ಕೊಟ್ಟವರಲ್ಲ ಎಂಬ ಮಾತುಗಳೇ. ಎಲ್ಲವೂ ಪ್ರೀತಿಯಿಂದ ಬಂದವು, ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಮಾತು ಹೆಚ್ಚಿದಷ್ಟೂ ನನ್ನ ಭಾವ ದೂರವಾಗತೊಡಗಿದರು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಆ ಸಜ್ಜನರು ಯಾರೋ ನನಗೆ ಗೊತ್ತಿರಲಿಲ್ಲ. ಬರೆಯಲು ಕುಳಿತರೆ ಒಂದು ಸಾಲೂ ಮುಂದಕ್ಕೆ ಹೋಗುತ್ತಿರಲಿಲ್ಲ, ಏಕೆಂದರೆ ಹಾಸ್ಯಕ್ಕೆ ಬೇಕಾದದ್ದು ಕೊರತೆಯುಳ್ಳ ಮನುಷ್ಯ. ಯಾವ ಕೊರತೆಯೂ ಇಲ್ಲದವರಿಗೆ ಅಷ್ಟೋತ್ತರ ಬರೆಯಬಹುದು, ಪ್ರಹಸನ ಬರೆಯಲಾಗದು.

ಅಂಥ ಸಮಯದಲ್ಲಿ ನಿಮ್ಮ ಕಾಗದಗಳು, ಧ್ವನಿ ಸಂದೇಶಗಳು ನಿಲಯಕ್ಕೆ ಬರತೊಡಗಿದವು. ಶ್ರೀರಂಗಪಟ್ಟಣದ ಕ್ಷೌರಿಕರೊಬ್ಬರು, ಭಾವ ತಮ್ಮ ತಲೆಯಲ್ಲಿ ಕೂದಲು ಕಡಿಮೆಯಾದ್ದರಿಂದ ದರವನ್ನೂ ಕಡಿಮೆ ಮಾಡಬೇಕೆಂದು ವರ್ಷಗಟ್ಟಲೆ ವಾದಿಸಿದ್ದನ್ನು ಹೇಳಿದರು. ಮದ್ದೂರಿನ ಮಹಿಳೆಯೊಬ್ಬರು, ತಮ್ಮ ಮಗಳ ಬೀಗರ ಊಟದಲ್ಲಿ ಅವರು ನಾಲ್ಕನೆಯ ಮುದ್ದೆಗೆ ಕೈಚಾಚಿ "ಇದು ನಂಗಲ್ಲ, ನನ್ ಪಾತ್ರಕ್ಕೆ" ಎಂದದ್ದನ್ನು ನೆನೆದರು. ಕಬ್ಬು ಕಡಿಯುವ ತಂಡದ ಯುವಕರು ಗದ್ದೆಯ ನಡುವಿನಿಂದಲೇ ಅವರ ದನಿಯನ್ನು ಅನುಕರಿಸಿ ಕಳುಹಿಸಿದರು. ಅದರಲ್ಲಿ ಕತ್ತಿಯ ಸದ್ದೂ ಇತ್ತು, ಅನುಕರಣೆ ಮಾತ್ರ ಬಹಳ ಕೆಟ್ಟದಾಗಿತ್ತು. ಮೈಸೂರಿನ ದೃಷ್ಟಿವಿಕಲ ಕೇಳುಗರೊಬ್ಬರು ನಮ್ಮ ಹಳೆಯ ಕಂತುಗಳನ್ನು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡಿದ್ದರು. ನಿಲಯದಲ್ಲಿಯೂ ಇಲ್ಲದ ಅವನ್ನು ತಾವೇ ತಂದುಕೊಟ್ಟು, ಭಾವ ಎಲ್ಲೆಲ್ಲಿ ಸಾಲು ಮರೆತು ಕೆಮ್ಮಿನಲ್ಲಿ ಮುಚ್ಚಿಕೊಂಡಿದ್ದಾರೆಂಬುದನ್ನು ಒಂದೊಂದಾಗಿ ಕೇಳಿಸಿದರು. "ಇಲ್ಲಿ ಕೆಮ್ಮು" ಎಂಬ ಟಿಪ್ಪಣಿಗಳ ಗುಟ್ಟು ನನಗೆ ತಿಳಿದದ್ದು ಆವತ್ತು. ಇಷ್ಟು ವರ್ಷ ಪಕ್ಕದಲ್ಲಿ ಕುಳಿತವನು ಅದನ್ನು ಕಲೆಯೆಂದೇ ನಂಬಿದ್ದೆ.

ಮೈಸೂರಿನ ಕೇಳುಗರಿಗೆ ಕಿವಿ ಸುಮ್ಮನೆ ಬಂದದ್ದಲ್ಲ ಎಂದು ನನಗೆ ಅನಿಸುತ್ತದೆ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 30 ವಾಟ್‌ನ ಪ್ರೇಷಕವಿಟ್ಟುಕೊಂಡು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. ಅವರು ಕಲಿಸುತ್ತಿದ್ದುದು ಮನಶ್ಶಾಸ್ತ್ರ. ಆ ನಿಲಯಕ್ಕೆ ಆಕಾಶವಾಣಿಯೆಂಬ ಹೆಸರನ್ನು ಸೂಚಿಸಿದವರೆಂದು ಇಲ್ಲಿನವರು ಇಂದಿಗೂ ನೆನೆಯುವುದು 'ಅನರ್ಥಕೋಶ' ಬರೆದ ಹಾಸ್ಯ ಲೇಖಕ ನಾ. ಕಸ್ತೂರಿಯವರನ್ನು. ಮನಸ್ಸನ್ನು ಓದುವವರೊಬ್ಬರು, ನಗಿಸುವವರೊಬ್ಬರು ಸೇರಿ ತೊಟ್ಟಿಲು ಕಟ್ಟಿದ ಊರು ಇದು. ನನ್ನಂಥವನು ಅಲ್ಲಿ ಅಳುವುದಕ್ಕೂ ನಗುವುದಕ್ಕೂ ಅನುಮತಿ ಕೇಳಬೇಕಾಗಿ ಬರಲಿಲ್ಲ.

ನಿಲಯದ ಸಹೋದ್ಯೋಗಿಗಳ ಬಗ್ಗೆ ಒಂದು ಮಾತು. ಮತ್ತೆ ಧ್ವನಿಮುದ್ರಣಕ್ಕೆ ಹೋದ ದಿನ ಮೇಜಿನ ಮೇಲೆ ಎಂದಿನಂತೆ ಎರಡು ಮೈಕು ಇದ್ದವು. ತೆಗೆಯಲೇ ಎಂದು ತಂತ್ರಜ್ಞರು ಕೇಳಿದರು, ಬೇಡವೆಂದೆ. ಅವರು ಮುಂದೆ ಏನನ್ನೂ ಕೇಳದೆ ಗಾಜಿನಾಚೆ ಹೋಗಿ, ಎರಡಕ್ಕೂ ಮಟ್ಟ ಹೊಂದಿಸಿದರು. ಮಾತು ಆರಂಭಿಸಿ ಭಾವ ಅಡ್ಡಬರಬೇಕಾದ ಜಾಗಕ್ಕೆ ಬಂದಾಗ ನಾನು ಅಭ್ಯಾಸಬಲದಿಂದ ನಿಂತೆ, ನಿಂತೇ ಇದ್ದೆ. ಗಾಜಿನಾಚೆಯವರು ಕೈಸನ್ನೆ ಮಾಡಲಿಲ್ಲ, ಕೆಂಪು ದೀಪ ಆರಿಸಲೂ ಇಲ್ಲ. ಕೊನೆಗೆ ಅವರೇ ಒಳಮೈಕಿನಲ್ಲಿ, "ಸಾರ್, ಇದು ಭಾವನೋರ ಲೆಕ್ಕಕ್ಕೂ ಜಾಸ್ತಿ ಆಯ್ತು" ಎಂದರು. ಆ ಮಾತಿಗೆ ನಾನು ನಕ್ಕದ್ದು ಮುದ್ರಣವಾಗಿತ್ತು, ಅದನ್ನು ಹಾಗೆಯೇ ಪ್ರಸಾರ ಮಾಡಿದೆವು. ಆವತ್ತಿನಿಂದ ಎರಡನೆಯ ಮೈಕಿಗೆ ನಿಮ್ಮ ಪ್ರಸಂಗಗಳು ಬಂದವು: ನಾನು ಮೇಷ್ಟ್ರಾಗಿ ಒಂದು ಸಂಗತಿ ಎತ್ತುತ್ತೇನೆ, ಕೇಳುಗರೊಬ್ಬರು ಭಾವ ಇದ್ದಿದ್ದರೆ ಏನನ್ನುತ್ತಿದ್ದರೆಂದು ಅಡ್ಡಬರುತ್ತಾರೆ. ಬಂದವರಲ್ಲಿ ಹೆಚ್ಚಿನವರಿಗೆ ಬಿಡುವು ಕೊಡುವುದು ಬರುವುದಿಲ್ಲ, ಕಲಿಯುತ್ತಿದ್ದಾರೆ.

ಅಕ್ಕನಿಗೆ ಧನ್ಯವಾದ ಹೇಳಿದರೆ ಬೈಯುತ್ತಾಳೆ. ಆದ್ದರಿಂದ ಇಷ್ಟು ಮಾತ್ರ: ಪ್ರತಿ ಕಂತಿನ ಬರಹವನ್ನೂ ಮೊದಲು ಓದುವವಳು ಅವಳೇ, ಗಂಡನನ್ನು ತೀರಾ ಒಳ್ಳೆಯವನನ್ನಾಗಿ ಮಾಡಿದ ಸಾಲುಗಳನ್ನು ಹೊಡೆದುಹಾಕುವವಳೂ ಅವಳೇ.

ಕಡೆಯದಾಗಿ, ಮಳವಳ್ಳಿ ಕಡೆಯ ನಿವೃತ್ತ ಉಪಾಧ್ಯಾಯರಿಗೆ. ಎಲ್ಲರೂ ನನ್ನನ್ನು ಗಾಜಿನ ಪಾತ್ರೆಯೆಂಬಂತೆ ಹಿಡಿಯುತ್ತಿದ್ದ ಕಾಲದಲ್ಲಿ ತಾವೊಬ್ಬರು ಅಂಚೆ ಕಾರ್ಡು ಬರೆದು, ಕಳೆದೆರಡು ಕಂತುಗಳಲ್ಲಿ ಎಲ್ಲಿಯೂ ನಗು ಬರಲಿಲ್ಲವೆಂದೂ, ಭಾವನ ಹೆಸರು ಹೇಳಿಕೊಂಡು ಎಷ್ಟು ದಿನ ಊಟ ಮಾಡುತ್ತೀರಿ ಎಂದೂ ಕೇಳಿದಿರಿ. ಆ ಕಾರ್ಡನ್ನು ನಾನು ಬಹಳ ಸಂತೋಷದಿಂದ ಓದಿದೆ, ಏಕೆಂದರೆ ಭಾವ ಹೋದ ಮೇಲೆ ನನ್ನನ್ನು ದುಃಖದಲ್ಲಿರುವವನೆಂದು ನೋಡದೆ ಕೆಲಸಗಾರನೆಂದು ನೋಡಿದವರಲ್ಲಿ ತಾವೇ ಮೊದಲಿಗರು. ಆ ಕಂತುಗಳಲ್ಲಿದ್ದ ಛತ್ರದ ಪ್ರಸಂಗ ಸಪ್ಪೆಯೆಂಬ ತಮ್ಮ ತೀರ್ಪನ್ನು ನಾನು ಒಪ್ಪುವುದಿಲ್ಲ, ಅದನ್ನು ಕೇಳಿ ಅಕ್ಕ ನಕ್ಕಿದ್ದಾಳೆ. ಆದರೆ ಕಾರ್ಡಿನ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದ ಕೊನೆಯ ಆರೋಪ ಗಂಭೀರವಾದದ್ದು: ಭಾವ ತಮ್ಮದೆಂದು ಹೇಳಿಕೊಳ್ಳುತ್ತಿದ್ದ ತಮಾಷೆಗಳಲ್ಲಿ ಅರ್ಧ ಮಳವಳ್ಳಿ ಕಡೆಯ ತಮ್ಮ ಊರಿನವು, ಅಲ್ಲಿಂದ ಕದ್ದವು. ಇದನ್ನು ವಿಚಾರಣೆಯಿಲ್ಲದೆ ಬಿಡಲಾಗದು. ತಾವು ಈ ಭಾನುವಾರ ನಿಲಯಕ್ಕೆ ಬರಲು ಒಪ್ಪಿರುವುದಕ್ಕೆ ಕೃತಜ್ಞನಾಗಿದ್ದೇನೆ. ಯಾವ ತಮಾಷೆ ಯಾರದೆಂಬ ಪಟ್ಟಿಯನ್ನು ದಯವಿಟ್ಟು ಬಿಡಿ ಹಾಳೆಗಳಲ್ಲಿ ತನ್ನಿ, ಪಿನ್ನು ಹಾಕಬೇಡಿ.